ತಳಿಗೆ ಬಿಡುವ ಹುಂಜ

ಹತ್ತು ಹೇಂಟೆಗೆ ಒಂದು ಹುಂಜ. ನಾಟಿ ಕೋಳಿ ಸಾಕುವ ಹಿತ್ತಲಿನಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ. ಪ್ರತಿ ಮರಿಗೂ ವಂಶವಾಹಿಗಳು ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುತ್ತವೆ. ತಾಯಂದಿರು ಹತ್ತು ಮಂದಿ ಇರುವುದರಿಂದ ಮುಂದಿನ ಪೀಳಿಗೆಯಲ್ಲಿ ಒಂದೊಂದು ಹೇಂಟೆಯ ಪಾಲು ಇಪ್ಪತ್ತರಲ್ಲಿ ಒಂದು. ಹುಂಜದ ಪಾಲು ಒಂದಕ್ಕೇ ಅರ್ಧ. ಹೇಂಟೆಗಳಲ್ಲಿ ಒಂದು ಕಳಪೆಯಾದರೆ ಹಿಂಡು ತಡೆದುಕೊಳ್ಳುತ್ತದೆ. ಹುಂಜ ಕಳಪೆಯಾದರೆ ಆ ವರ್ಷದ ಅಷ್ಟೂ ಪಿಳ್ಳೆಗಳ ಮೈಯಲ್ಲಿ ಅದು ಎದ್ದು ಕಾಣುತ್ತದೆ.

ಇದರ ಮೇಲೆ ಇನ್ನೊಂದು ಸೂಕ್ಷ್ಮವೂ ಇದೆ. ಕೋಳಿಗಳಲ್ಲಿ ಗಂಡು ಹೆಣ್ಣಿನ ನಿರ್ಧಾರ ಮನುಷ್ಯರಿಗೆ ತಿರುವುಮುರುವು. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದು ಝಡ್ ಮತ್ತೊಂದು ಪುಟ್ಟ ಡಬ್ಲ್ಯು. ಹೆಣ್ಣುಮರಿಗೆ ಡಬ್ಲ್ಯು ತಾಯಿಯಿಂದ ಬಂದಿರುತ್ತದೆ. ಅದರ ಒಂದೇ ಒಂದು ಝಡ್ ತಂದೆಯಿಂದಲೇ ಬರಬೇಕು. ಡಬ್ಲ್ಯುವಿನಲ್ಲಿ ವಂಶವಾಹಿಗಳು ತೀರಾ ಕಡಿಮೆ, ಝಡ್‌ನಲ್ಲಿ ನೂರಾರು. ಹಾಗಾಗಿ ಒಂದು ಮೊಟ್ಟೆಯನ್ನೂ ಇಡದ ಹುಂಜ ತನ್ನ ಮಗಳ ಮೈಕಟ್ಟಿಗೆ ತಾಯಿಗಿಂತ ತುಸು ಹೆಚ್ಚೇ ಹೊಣೆ.

ತಿಪಟೂರು ತಾಲ್ಲೂಕಿನ ನೊಣವಿನಕೆರೆ ಸುತ್ತಮುತ್ತ, ಅಲ್ಲಿಂದ ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಕಡೆಗೂ ಹಬ್ಬಿದ ತೆಂಗಿನ ಸೀಮೆಯಲ್ಲಿ ಕೋಳಿಗೆಂದು ಬೇರೆ ಜಾಗ ಬೇಕಿಲ್ಲ. ತೋಟದ ನೆರಳು, ತಿಪ್ಪೆ, ಕಾಯಿ ಸುಲಿದ ಜಾಗದಲ್ಲಿ ಗುಡ್ಡೆ ಬಿದ್ದ ಮಟ್ಟೆ, ಅದರಡಿಯ ಗೆದ್ದಲು, ಇವೇ ಅದರ ಮೇವು. ಮನೆಯವರು ಸಂಜೆ ಎರಚುವ ಒಂದು ಹಿಡಿ ರಾಗಿ ಬರೀ ಗೂಡಿಗೆ ಕರೆಯುವ ನೆಪ. ತಿಪ್ಪೆ ಕೆದಕುವ ಕೋಳಿ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಹುಳುಗಳನ್ನೂ ಹೆಕ್ಕಿ ತಿನ್ನುತ್ತದೆ. ಆ ದುಂಬಿ ಮೊಟ್ಟೆಯಿಡುವುದೇ ಕೊಳೆತ ಗೊಬ್ಬರದಲ್ಲಿ. ತೋಟಕ್ಕೆ ಇದೊಂದು ಸಂಬಳವಿಲ್ಲದ ಸೇವೆ.

ಇದೇ ಸೀಮೆ ದನದ ತಳಿಯ ವಿಷಯದಲ್ಲಿ ಬಹಳ ಬಿಗಿ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಅಮೃತಮಹಲ್ ರಾಸುಗಳ ಸಂಶೋಧನಾ ಕೇಂದ್ರವಿದೆ. ಹೋರಿ ಕೊಳ್ಳುವವರು ಸುಳಿ, ಕೊಂಬು, ಗೊರಸು, ಹಿಂದಿನ ಎರಡು ತಲೆಮಾರು ಎಲ್ಲವನ್ನೂ ವಿಚಾರಿಸುತ್ತಾರೆ. ಅದೇ ಮನೆಯ ಹಿತ್ತಲಲ್ಲಿ ಹುಂಜ ಯಾವುದು ಎಂದರೆ ಉತ್ತರ ಬೇರೆ: ಉಳಿದಿರುವುದು. ವ್ಯಾಪಾರಿ ಬಂದರೆ ಕೈಹಾಕುವುದು ತೂಕವುಳ್ಳದ್ದಕ್ಕೆ. ನೆಂಟರು ಬಂದರೆ ಕೊಯ್ಯುವುದು ದಪ್ಪನೆಯದನ್ನು. ಹೊಸತೊಡಕು, ಮಾರಿಹಬ್ಬ, ಪಿತೃಪಕ್ಷ ಎಂದು ಬಂದಾಗಲೆಲ್ಲ ಬೇಗ ಬೆಳೆದ, ಕೆಂಪು ಜುಟ್ಟಿನ, ಗಟ್ಟಿಮುಟ್ಟಾದ ಹುಂಜ ಮೊದಲು ಹೋಗುತ್ತದೆ. ಬೆಳವಣಿಗೆಯಲ್ಲಿ ಹಿಂದೆಬಿದ್ದು, ಯಾರ ಕಣ್ಣಿಗೂ ಬೀಳದೆ, ಮಂಕರಿಯ ಸುತ್ತ ಓಡಾಡಿಕೊಂಡಿದ್ದ ಪೀಚಲು ಹುಂಜವೇ ಮುಂದಿನ ವರ್ಷದ ಮರಿಗಳ ತಂದೆ. ಹಿತ್ತಲಿನಲ್ಲಿ ತಳಿ ಆಯ್ಕೆ ನಡೆಯುತ್ತಿಲ್ಲವೆಂದಲ್ಲ. ಪ್ರತಿ ವರ್ಷವೂ ಕರಾರುವಾಕ್ಕಾಗಿ ನಡೆಯುತ್ತಿದೆ, ಆದರೆ ಹಿಂದುಮುಂದಾಗಿ. "ನಾಟಿ ಕೋಳಿ ಮೊದಲಿನಷ್ಟು ದಪ್ಪ ಬರುತ್ತಿಲ್ಲ" ಎಂಬ ದೂರಿಗೆ ಮೇವನ್ನೋ ಕಾಲವನ್ನೋ ದೂಷಿಸುವ ಮೊದಲು ಈ ಅಭ್ಯಾಸವನ್ನು ನೋಡಬೇಕು.

ದೇವರಿಗೆ ಬಿಟ್ಟ ಹುಂಜದ ಕಥೆ ಮಾತ್ರ ಸ್ವಲ್ಪ ಬೇರೆ. ಹರಕೆಯ ಹುಂಜಕ್ಕೆ ವ್ಯಾಪಾರಿ ಬೆಲೆ ಕೇಳುವಂತಿಲ್ಲ, ಮನೆಯವರೂ ಕೊಯ್ಯುವಂತಿಲ್ಲ. ಒಳ್ಳೆಯದನ್ನೇ ಬಿಟ್ಟಿರುತ್ತಾರೆ, ಜಾತ್ರೆಯವರೆಗೆ ಅದು ಹಿಂಡಿನಲ್ಲೇ ಇರುತ್ತದೆ, ಅಷ್ಟು ತಿಂಗಳು ಹೇಂಟೆಗಳ ಜೊತೆ ಕೂಡುತ್ತದೆ. ಯಾರೂ ಯೋಚಿಸಿ ಮಾಡಿದ್ದಲ್ಲದಿದ್ದರೂ ಹರಕೆ ಎಂಬುದು ಹಿಂಡಿಗೆ ಒಂದಷ್ಟು ಒಳ್ಳೆಯ ಮರಿಗಳನ್ನು ಕೊಟ್ಟಿದೆ. ತಳಿಗೆ ಬಿಡುವ ಹುಂಜಕ್ಕೂ ಅದೇ ಕಟ್ಟುಪಾಡು ಬೇಕು: ಎಳೆಯದರಲ್ಲೇ ಗುರುತು ಮಾಡಿ, ಕಾಲಿಗೆ ಬಣ್ಣದ ಬಳೆಯನ್ನೋ ಬಟ್ಟೆಯ ಚೂರನ್ನೋ ಕಟ್ಟಿ, "ಇದು ಮಾರುವುದಲ್ಲ" ಎಂದು ಮನೆಮಂದಿಗೆಲ್ಲ ಹೇಳಿಬಿಡುವುದು. ಬೆಳೆಯುವ ಮರಿಯ ಕಾಲು ದಪ್ಪವಾದಂತೆ ಬಳೆ ಬಿಗಿಯುತ್ತದೆ, ತಿಂಗಳಿಗೊಮ್ಮೆ ಸಡಿಲಿಸಬೇಕು.

ಆಯ್ಕೆ ಹುಂಜದಿಂದಲ್ಲ, ಅದರ ತಾಯಿಯಿಂದ ಶುರುವಾಗುತ್ತದೆ. ಮೊಟ್ಟೆ ಇಡುವ ಗುಣವಾಗಲಿ ಕಾವು ಕೂರುವ ಗುಣವಾಗಲಿ ಹುಂಜದ ಮೈಮೇಲೆ ಕಾಣುವುದಿಲ್ಲ, ಅದರ ತಾಯಿ ಮತ್ತು ಅಕ್ಕತಂಗಿಯರಲ್ಲಿ ಕಾಣುತ್ತದೆ. ಹನ್ನೆರಡು ಮೊಟ್ಟೆಗೆ ಕಾವು ಕೂತು ಹತ್ತು ಮರಿ ಎಬ್ಬಿಸಿ, ಹದ್ದು, ಮುಂಗುಸಿ, ನಾಯಿಗಳ ನಡುವೆ ಎಂಟನ್ನು ದೊಡ್ಡದು ಮಾಡಿದ ಹೇಂಟೆ ಪ್ರತಿ ಹಿತ್ತಲಲ್ಲೂ ಒಂದಾದರೂ ಇರುತ್ತದೆ, ಮನೆಯ ಹೆಂಗಸರಿಗೆ ಅದು ಗೊತ್ತೂ ಇರುತ್ತದೆ. ತಳಿಹುಂಜ ಆ ಹೊಟ್ಟೆಯದೇ ಆಗಿರಬೇಕು. ಮರಿಗಳನ್ನು ನಡುದಾರಿಯಲ್ಲಿ ಕುಕ್ಕಿ ಓಡಿಸುವ, ಮೊಟ್ಟೆ ಕುಡಿಯುವ ಹೇಂಟೆಯ ಮಗ ಎಷ್ಟೇ ಚಂದವಿದ್ದರೂ ಸಾರಿಗೇ ಸರಿ.

ನಂತರ ಮೈ ನೋಡುವುದು. ಹಗಲಿನಲ್ಲಿ ಹುಂಜವನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಏದುಸಿರು ಬಿಡುತ್ತದೆ, ಜುಟ್ಟು ಬಣ್ಣ ಬದಲಾಯಿಸುತ್ತದೆ, ಪರೀಕ್ಷೆಯೇ ಕೆಡುತ್ತದೆ. ಕತ್ತಲಾದ ಮೇಲೆ ಗೂಡಿನಿಂದಲೋ ಕೊಟ್ಟಿಗೆಯ ಗಳದ ಮೇಲಿಂದಲೋ ಎರಡೂ ರೆಕ್ಕೆ ಸೇರಿಸಿ ಮೆಲ್ಲಗೆ ಇಳಿಸಿಕೊಳ್ಳುವುದು ವಾಸಿ. ಮೊದಲು ಅದರ ಬೆನ್ನನ್ನು ಕಿವಿಗೆ ಒತ್ತಿ ಉಸಿರು ಕೇಳಬೇಕು. ಗೊರಗೊರ ಸದ್ದೋ ಸೀಟಿಯಂಥ ಎಳೆತವೋ ಕೇಳಿದರೆ ಅಲ್ಲಿಗೇ ನಿಲ್ಲಿಸಬಹುದು. ಮೂಗಿನ ಹೊಳ್ಳೆ ಒಣಗಿರಬೇಕು, ಕೊಕ್ಕಿನೊಳಗೆ ಬಿಳಿ ಪೊರೆ ಇರಬಾರದು. ಬ್ಯಾಟರಿ ಬೆಳಕು ಬಿಟ್ಟಾಗ ಎರಡೂ ಕಣ್ಣಿನ ಪಾಪೆ ದುಂಡಗೆ, ಒಂದೇ ಅಳತೆಯಲ್ಲಿ ಕಿರಿದಾಗಬೇಕು. ಒಂದು ಕಣ್ಣಿನ ಸುತ್ತುಬಣ್ಣ ಬೂದಿಯಂತೆ ಮಾಸಿ, ಪಾಪೆಯ ಅಂಚು ಹರಿದಂತಿದ್ದರೆ ಅದು ಮಾರೆಕ್ಸ್ ಎಂಬ ವೈರಸ್ ರೋಗದ ಗುರುತಾಗಿರಬಹುದು. ಒಂದು ಕಾಲು ಮುಂದಕ್ಕೆ ಒಂದು ಹಿಂದಕ್ಕೆ ಚಾಚಿ ಬೀಳುವುದು ಅದೇ ರೋಗದ ಇನ್ನೊಂದು ರೂಪ.

ಜುಟ್ಟು ಮತ್ತು ಗದ್ದದ ಜೋಲು ಹುಂಜದ ಒಳಗಿನ ಪತ್ರಿಕೆ ಇದ್ದಂತೆ. ಅವು ಬೆಳೆಯುವುದು ವೃಷಣಗಳು ಸ್ರವಿಸುವ ಟೆಸ್ಟೋಸ್ಟಿರಾನ್‌ನಿಂದ. ಆ ವೃಷಣಗಳು ಹೊರಗೆ ಕಾಣುವುದಿಲ್ಲ, ಬೆನ್ನುಮೂಳೆಗೆ ಅಂಟಿಕೊಂಡು ಮೂತ್ರಪಿಂಡದ ಮುಂದೆ ಇರುತ್ತವೆ. ಬೀಜ ಒಡೆದ ಹುಂಜದ ಜುಟ್ಟು ಮುದುಡಿ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ. 1849ರಲ್ಲಿ ಜರ್ಮನಿಯ ಆರ್ನಾಲ್ಡ್ ಬರ್ಟೋಲ್ಡ್ ಬೀಜ ತೆಗೆದ ಹುಂಜಮರಿಗಳ ಹೊಟ್ಟೆಯೊಳಕ್ಕೆ ವೃಷಣವನ್ನು ಮತ್ತೆ ಕಸಿಮಾಡಿ, ಜುಟ್ಟೂ ಕೂಗೂ ಮರಳಿ ಬರುವುದನ್ನು ತೋರಿಸಿದ. ಹಾರ್ಮೋನು ಎಂಬ ಹೆಸರೇ ಹುಟ್ಟಿರದ ಕಾಲದಲ್ಲಿ ಹಾರ್ಮೋನು ವಿಜ್ಞಾನ ಆರಂಭವಾದದ್ದು ಹುಂಜದ ಜುಟ್ಟಿನಿಂದ ಎನ್ನಬಹುದು. ಹಿತ್ತಲಿನ ಮಟ್ಟಿಗೆ ಅರ್ಥ ಇಷ್ಟೇ: ದಪ್ಪನೆಯ, ಮುಟ್ಟಿದರೆ ಬೆಚ್ಚಗಿರುವ, ದಾಸವಾಳದ ಕೆಂಪಿನ ಜುಟ್ಟು ಒಳ್ಳೆಯದು. ಬಿಳಿಚಿದ್ದರೆ ಹೊಟ್ಟೆಯಲ್ಲಿ ಜಂತುಹುಳು ಅಥವಾ ಮೈಯಲ್ಲಿ ರಕ್ತ ಹೀರುವ ನುಸಿ. ನೀಲಿಗಟ್ಟಿದ್ದರೆ ಹೃದಯ, ಶ್ವಾಸಕೋಶದ ತೊಂದರೆ.

ಜುಟ್ಟಿನ ಆಕಾರದಲ್ಲೂ ಒಂದು ವಿಚಿತ್ರವಿದೆ. ನಾಟಿ ಕೋಳಿಗಳಲ್ಲಿ ಗರಗಸದಂಥ ಒಂಟಿ ಜುಟ್ಟಿನ ಜೊತೆಗೆ, ತಲೆಗೆ ಅಪ್ಪಚ್ಚಿಯಾಗಿ ಅಂಟಿ, ಮೇಲೆಲ್ಲ ಮುತ್ತು ಕಟ್ಟಿದಂತಿದ್ದು ಹಿಂದಕ್ಕೆ ಚೂಪಾಗುವ ಜುಟ್ಟೂ ಅಲ್ಲಲ್ಲಿ ಇರುತ್ತದೆ. ಇಂಗ್ಲಿಷಿನವರು ಅದನ್ನು ರೋಸ್ ಜುಟ್ಟು ಎನ್ನುತ್ತಾರೆ. ಈ ಗುಣವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಹುಂಜಗಳ ವೀರ್ಯಾಣುಗಳು ಚುರುಕಾಗಿ ಈಜುವುದಿಲ್ಲ. ವರ್ಣತಂತುವಿನ ಒಂದು ತುಂಡು ತಿರುಗಿ ಕೂತಾಗ ಈ ಜುಟ್ಟು ಮೂಡಿತೆಂದೂ, ಅದೇ ಏಟಿಗೆ ವೀರ್ಯಾಣುವಿಗೆ ಬೇಕಾದ ಇನ್ನೊಂದು ವಂಶವಾಹಿ ಮುರಿಯಿತೆಂದೂ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದೇ ಹುಂಜ ಇಡುವ ಮನೆಗೆ ಒಂಟಿ ಜುಟ್ಟಿನದು ಕ್ಷೇಮ.

ಕೈ ಮುಂದೆ ಎದೆಗೆ ಇಳಿಯಬೇಕು. ಎದೆಮೂಳೆ ನೆಟ್ಟಗಿರಬೇಕು, ಅದರ ಎರಡೂ ಬದಿ ಮಾಂಸ ತುಂಬಿರಬೇಕು. ಮೂಳೆ ಕತ್ತಿಯ ಅಲಗಿನಂತೆ ಕೈಗೆ ತಾಗಿದರೆ ಆ ಹುಂಜ ತಿಂದದ್ದು ಮೈಗೆ ಹತ್ತುತ್ತಿಲ್ಲ. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ, ಗುದದ ಸುತ್ತ ಗರಿ ಬಿಡಿಸಿ ನೋಡಿದಾಗ ಹೇನಿದ್ದರೆ ಓಡಾಡುವುದು ಕಾಣುತ್ತದೆ, ಗರಿಯ ಬುಡದಲ್ಲಿ ಬಿಳಿ ಸೀರು ಗಂಟುಗಟ್ಟಿರುತ್ತದೆ. ಹೇನು ಗುಣವಾಗುವ ಕಾಯಿಲೆ, ಅದಕ್ಕೆಂದು ಹುಂಜವನ್ನು ಬಿಡಬೇಕಿಲ್ಲ. ಗುದದ್ವಾರ ಮೆತ್ತಗೆ, ತೇವವಾಗಿ, ನಸುಗೆಂಪಾಗಿರಬೇಕು, ಹಿಕ್ಕೆ ಮೆತ್ತಿಕೊಂಡಿರಬಾರದು.

ಕಾಲುಗಳಿಗೆ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು, ಏಕೆಂದರೆ ಹುಂಜದ ಕೆಲಸವೆಲ್ಲ ಕಾಲಿನ ಮೇಲೆ. ಹೇಂಟೆಯ ಬೆನ್ನೇರಿ ಸಮತೂಕ ಹಿಡಿದು, ಎರಡರ ಗುದದ್ವಾರಗಳೂ ಅರೆಕ್ಷಣ ತಾಗಿದರೆ ಮಾತ್ರ ಕೂಡಿಕೆ ಮುಗಿಯುತ್ತದೆ. ಕೋಳಿಗೆ ಬೇರೆ ಅಂಗವಿಲ್ಲ. ಒಂದು ಬೆರಳು ಡೊಂಕಾದರೆ, ಅಂಗಾಲಲ್ಲಿ ಆಣಿಯಂಥ ಗಂಟಿದ್ದರೆ ಹುಂಜ ಹತ್ತಿದಷ್ಟೇ ಬೇಗ ಜಾರುತ್ತದೆ; ನೋಡುವವರಿಗೆ ಕೂಡಿದಂತೆಯೇ ಕಾಣುತ್ತದೆ, ಮೊಟ್ಟೆ ಮಾತ್ರ ಗೊಡ್ಡು. ಕಾಲಿನ ಹುರುಪೆ ಎದ್ದು ಸುಣ್ಣ ಹಚ್ಚಿದಂತಾಗಿದ್ದರೆ ಅದು ಚರ್ಮದೊಳಗೆ ಕೊರೆಯುವ ನುಸಿಯ ಕೆಲಸ. ಕೊಬ್ಬರಿ ಎಣ್ಣೆಯನ್ನು ಕೆಲವು ವಾರ ಬಿಡದೆ ಹಚ್ಚಿದರೆ ನುಸಿ ಉಸಿರುಕಟ್ಟಿ ಸಾಯುತ್ತದೆ, ಈ ಸೀಮೆಯಲ್ಲಿ ಎಣ್ಣೆಗೇನೂ ಬರವಿಲ್ಲ. ಕಾಲಿನ ಹಿಂಬದಿಯ ಮುಳ್ಳು ವಯಸ್ಸು ಹೇಳುತ್ತದೆ: ಎಳೆಯ ಹುಂಜದಲ್ಲಿ ಗುಂಡಿಯಷ್ಟು, ವರ್ಷ ಕಳೆದಂತೆ ಉದ್ದವಾಗಿ ಬಾಗಿದ ಕೊಂಬು. ತೀರಾ ಚೂಪಾದ ಮುಳ್ಳು ಹೇಂಟೆಯ ಪಕ್ಕೆ ಸೀಳುತ್ತದೆ, ತುದಿಯನ್ನು ಉಜ್ಜಿ ಮೊಂಡು ಮಾಡಬೇಕು.

ಕಾಲಿನ ಬಣ್ಣ ಆರೋಗ್ಯದ ಲಕ್ಷಣವಲ್ಲ, ಚರಿತ್ರೆಯ ಗುರುತು. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದರ ಚರ್ಮ ಬಿಳಿ. ಹಳದಿ ಚರ್ಮ ಮತ್ತು ಹಳದಿ ಕಾಲು ಕೊಡುವ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿದುಬಂತು. ಬೂದು ಕಾಡುಕೋಳಿ ಪಶ್ಚಿಮಘಟ್ಟ ಮತ್ತು ದಕ್ಷಿಣ ಭಾರತದ ಕಾಡುಗಳ ಹಕ್ಕಿ. ಇಂದು ಜಗತ್ತಿನ ಹಳದಿ ಕಾಲಿನ ಕೋಳಿಗಳೆಲ್ಲ ಈ ಕಡೆಯ ಕಾಡಿನ ಒಂದು ತುಣುಕನ್ನು ಹೊತ್ತು ತಿರುಗುತ್ತಿವೆ.

ಹಗಲಿನ ಪರೀಕ್ಷೆ ನಡತೆಯದು. ಒಳ್ಳೆಯ ಹುಂಜ ಹುಳು ಕಂಡಾಗ ತಾನೇ ನುಂಗುವುದಿಲ್ಲ. ಕುಟಕುಟ ಸದ್ದು ಮಾಡಿ, ಹುಳುವನ್ನು ಎತ್ತಿ ಇಳಿಸಿ, ಹೇಂಟೆಗಳನ್ನು ಕರೆಯುತ್ತದೆ. ಆಕಾಶದಲ್ಲಿ ಹದ್ದು ಸುತ್ತಿದರೆ ಒಂದು ಬಗೆಯ ಎಚ್ಚರಿಕೆಯ ಕೂಗು, ನೆಲದಲ್ಲಿ ನಾಯಿಯೋ ಮುಂಗುಸಿಯೋ ಬಂದರೆ ಬೇರೆಯೇ ಕೂಗು. ಹೇಂಟೆಗಳು ಮೊದಲನೆಯದಕ್ಕೆ ಪೊದೆ ಸೇರುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಲ್ಲುತ್ತವೆ. ತೆರೆದ ತೋಟದಲ್ಲಿ ಮೇಯುವ ಹಿಂಡಿಗೆ ಈ ಗುಣ ತೂಕಕ್ಕಿಂತ ಮುಖ್ಯ. ಮಕ್ಕಳ ಮೇಲೆ, ಕಸ ಗುಡಿಸುವವರ ಮೇಲೆ ಎಗರುವ ಹುಂಜವನ್ನು "ಗಂಡು ಹುಂಜ" ಎಂದು ಮೆಚ್ಚುವವರಿದ್ದಾರೆ. ಅದು ತಪ್ಪು. ಮುಂಗೋಪವೂ ತಕ್ಕಮಟ್ಟಿಗೆ ವಂಶದಲ್ಲಿ ಇಳಿಯುತ್ತದೆ, ಕೋಳಿ ಅಂಕಕ್ಕೆ ಸಾಕಿದ ತಳಿಗಳೇ ಅದಕ್ಕೆ ಸಾಕ್ಷಿ. ಹಿತ್ತಲಿಗೆ ಬೇಕಿರುವುದು ಮುಂಗುಸಿಗೆ ಎದುರು ನಿಲ್ಲುವ ಹುಂಜ, ಮೊಮ್ಮಗುವಿಗೆ ಎದುರು ನಿಲ್ಲುವುದಲ್ಲ.

ಇಷ್ಟಾದರೂ ಹುಂಜದ ನಿಜವಾದ ಪರೀಕ್ಷೆ ಮೊಟ್ಟೆಯಲ್ಲಿ. ತಟ್ಟೆಗೆ ಒಡೆದ ಮೊಟ್ಟೆಯ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇದ್ದೇ ಇರುತ್ತದೆ. ಬೀಜ ಕೂಡದ ಮೊಟ್ಟೆಯಲ್ಲಿ ಅದು ಸಣ್ಣಗೆ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿರುತ್ತದೆ. ಬೀಜ ಕೂಡಿದ್ದರಲ್ಲಿ ಮೂರು ನಾಲ್ಕು ಮಿಲಿಮೀಟರ್ ಅಗಲದ ದುಂಡು ಉಂಗುರ, ನಡುವೆ ತಿಳಿ. ಅಡುಗೆಗೆ ಒಡೆಯುವ ಐದಾರು ಮೊಟ್ಟೆಗಳಲ್ಲಿ ಇದನ್ನು ನೋಡಿಕೊಂಡರೆ ಕಾವಿಗೆ ಇಡುವ ಮೊದಲೇ ಹುಂಜದ ಹಣೆಬರಹ ಗೊತ್ತಾಗುತ್ತದೆ. ಕಾವಿಗಿಟ್ಟ ಏಳನೇ ರಾತ್ರಿ ಮೊಟ್ಟೆಯ ಅಗಲ ತುದಿಗೆ ಮೊಬೈಲ್ ಬೆಳಕು ಹಿಡಿದರೆ ಜೇಡನಂತೆ ಕವಲೊಡೆದ ರಕ್ತನಾಳಗಳು ಕಾಣಬೇಕು. ಖಾಲಿ ಹೊಳೆದದ್ದು ಗೊಡ್ಡು.

ಗೊಡ್ಡು ಮೊಟ್ಟೆಗಳೆಲ್ಲ ಹುಂಜದ ತಪ್ಪಲ್ಲ. ಹುಂಜಕ್ಕೆ ಜ್ವರ ಬಂದು ಹೋಗಿದ್ದರೆ ಹೊಸ ವೀರ್ಯ ತಯಾರಾಗಲು ಸುಮಾರು ಎರಡು ವಾರ ಬೇಕು. ಏಪ್ರಿಲ್ ಬಿಸಿಲಿನಲ್ಲಿ, ಗರಿ ಉದುರಿಸುವ ಕಾಲದಲ್ಲಿ ಎಲ್ಲ ಹುಂಜಗಳೂ ಸೊರಗುತ್ತವೆ. ತೆಂಗಿನ ನೆರಳಿರುವ ಹಿತ್ತಲು ಈ ವಿಷಯದಲ್ಲಿ ಬಯಲಿನ ಶೀಟಿನ ಶೆಡ್ಡಿಗಿಂತ ಅದೃಷ್ಟವಂತ. ಎಂಟು ಹತ್ತು ತಿಂಗಳು ತುಂಬಿದ ಹುಂಜದಿಂದ ಶುರುಮಾಡಿ ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷ ತಳಿಗೆ ಬಳಸಬಹುದು.

ಆದರೆ ಅಷ್ಟು ಕಾಲ ಅದೇ ಹಿಂಡಿನಲ್ಲಲ್ಲ. ಎರಡನೇ ವರ್ಷಕ್ಕೆ ಅದರ ಹೆಣ್ಣುಮಕ್ಕಳೇ ಮೊಟ್ಟೆಗೆ ಬಂದಿರುತ್ತವೆ, ತಂದೆ ಮಗಳ ಕೂಡಿಕೆಯಲ್ಲಿ ಹುಟ್ಟಿದ ಮರಿಯ ಒಳಸಂತಾನದ ಪ್ರಮಾಣ ಶೇ. 25. ಸೂವಲ್ ರೈಟ್ ಎಂಬ ಅಮೆರಿಕದ ತಳಿವಿಜ್ಞಾನಿ ಕೊಟ್ಟ ಸೂತ್ರದಂತೆ, ಹೊರಗಿನ ರಕ್ತ ಬರದ ಹಿಂಡಿನಲ್ಲಿ ಒಂದು ಹುಂಜ ಹತ್ತು ಹೇಂಟೆ ಇದ್ದರೆ ಪ್ರತಿ ಪೀಳಿಗೆಗೆ ಒಳಸಂತಾನ ಸುಮಾರು ಶೇ. 14ರಷ್ಟು ಏರುತ್ತದೆ. ಹೇಂಟೆಗಳನ್ನು ಇಪ್ಪತ್ತಕ್ಕೆ ಏರಿಸಿದರೆ? ಶೇ. 13. ಏನೂ ಬದಲಾಗಲಿಲ್ಲ. ಹೇಂಟೆ ಹತ್ತೇ ಇಟ್ಟು ಹುಂಜ ಎರಡು ಮಾಡಿದರೆ ಶೇ. 7.5, ಅಂದರೆ ಹತ್ತಿರ ಹತ್ತಿರ ಅರ್ಧ. ಏರಿದ ಒಳಸಂತಾನದ ಫಲ ಮೊಟ್ಟೆ ಒಡೆಯದಿರುವುದು, ಒಡೆದ ಮರಿ ವಾರದಲ್ಲಿ ಸಾಯುವುದು, ಹೇಂಟೆಗಳು ಕಡಿಮೆ ಮೊಟ್ಟೆ ಇಡುವುದು. ಇದನ್ನು ಮನೆಯವರು ಕಣ್ಣು ಬಿದ್ದಿತೆಂದು ತಿಳಿಯುವುದೂ ಉಂಟು.

ಇದಕ್ಕೆ ಕಾಸು ಖರ್ಚಿಲ್ಲದ ಉಪಾಯವೆಂದರೆ ಮೂರು ಮನೆಗಳ ಸುತ್ತು. ನೊಣವಿನಕೆರೆಯ ಮನೆಯ ಹುಂಜಮರಿ ತುರುವೇಕೆರೆ ಕಡೆಯ ನೆಂಟರಿಗೆ, ಅವರದು ಚಿಕ್ಕನಾಯಕನಹಳ್ಳಿ ಕಡೆಯವರಿಗೆ, ಅಲ್ಲಿಯದು ನೊಣವಿನಕೆರೆಗೆ. ಪ್ರತಿ ವರ್ಷ ಅದೇ ದಿಕ್ಕಿನಲ್ಲಿ. ಹೇಂಟೆಗಳು ಹುಟ್ಟಿದ ಮನೆ ಬಿಡುವುದಿಲ್ಲ, ಗಂಡುಗಳು ಮಾತ್ರ ಮನೆ ಬದಲಾಯಿಸುತ್ತವೆ. ಮನುಷ್ಯರ ಪದ್ಧತಿಯ ತದ್ವಿರುದ್ಧ.

ಹುಂಜದ ಜೊತೆ ರೋಗವೂ ಊರು ಬದಲಾಯಿಸುತ್ತದೆ. ಕೊಕ್ಕರೆ ರೋಗದ ವೈರಸ್ ಮೈ ಸೇರಿದ ಮೇಲೆ ಲಕ್ಷಣ ಕಾಣಲು ಎರಡು ದಿನದಿಂದ ಎರಡು ವಾರದವರೆಗೆ ಹಿಡಿಯಬಹುದು. 1927ರಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಇದಕ್ಕೆ ಪಶುವೈದ್ಯರು ರಾಣಿಖೇತ್ ರೋಗವೆನ್ನುತ್ತಾರೆ. ತಂದ ಹುಂಜವನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ನೀರು ಬೇರೆ ಮೇವು ಕೊಟ್ಟು, ಲಸಿಕೆ ಹಾಕಿಸಿದ ಮೇಲೇ ಹಿಂಡಿಗೆ ಬಿಡಬೇಕು. ಸಂತೆಯಲ್ಲಿ ಕೊಂಡ ಹುಂಜವನ್ನು ಅಂದೇ ಸಂಜೆ ಗೂಡಿಗೆ ಸೇರಿಸಿ ವಾರದಲ್ಲಿ ಇಡೀ ಗೂಡು ಖಾಲಿಯಾಗುವುದು ಹಳ್ಳಿಗಳಲ್ಲಿ ಹೊಸ ಸುದ್ದಿಯಲ್ಲ.

ಗಿರಿರಾಜ, ಸ್ವರ್ಣಧಾರ, ಹೆಸರಘಟ್ಟದ ಕಾವೇರಿಯಂಥ ಹುಂಜವನ್ನು ತಂದು ನಾಟಿ ಹೇಂಟೆಗಳಿಗೆ ಬಿಡುವ ಆಸೆ ಸಹಜ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜವೇ ಮೊದಲಾಗಿ ಇವೆಲ್ಲ ಹಲವು ಸಾಲುಗಳ ಮಿಶ್ರತಳಿಗಳು. ಮೊದಲ ಪೀಳಿಗೆ ದಪ್ಪ ಬರುತ್ತದೆ. ಎರಡನೆಯದರಲ್ಲಿ ಒಂದೊಂದು ಮರಿ ಒಂದೊಂದು ಥರ. ಜೊತೆಗೆ ಕಾವು ಕೂರುವ ಗುಣ ಸಡಿಲಗೊಳ್ಳುತ್ತದೆ. ಮಾಂಸಕ್ಕೆ ಸಾಕುವವರಿಗೆ ಅಡ್ಡಿಯಿಲ್ಲ, ಕಾವಿನ ಪೆಟ್ಟಿಗೆಯಿಲ್ಲದ ಮನೆಗೆ ಅದು ನಷ್ಟದ ಬಾಬತ್ತು.

ಹುಂಜ ಬದಲಾದ ದಿನದಿಂದಲೇ ಮರಿಗಳ ತಂದೆ ಬದಲಾಗುವುದಿಲ್ಲ. ಹೇಂಟೆಯ ಅಂಡನಾಳದಲ್ಲಿ ವೀರ್ಯಾಣುಗಳನ್ನು ಕೂಡಿಡುವ ಸೂಕ್ಷ್ಮ ಕೊಳವೆಗಳಿವೆ, ಒಮ್ಮೆ ಕೂಡಿದರೆ ಎರಡು ಮೂರು ವಾರ ಬೀಜ ಕೂಡಿದ ಮೊಟ್ಟೆ ಇಡುತ್ತಲೇ ಇರಬಲ್ಲದು. ಹಳೆಯ ಹುಂಜ ಹೋದ ಮೇಲಿನ ಮೂರು ವಾರದ ಮೊಟ್ಟೆಗಳು ಅಡುಗೆಗೆ, ಆಮೇಲಿನವು ಕಾವಿಗೆ.

ಇನ್ನು ಕಾಲದ ಲೆಕ್ಕ. ಗೌರಿ ಹಬ್ಬದ ಹೊತ್ತಿಗೆ ಒಡೆದ ಮರಿಗಳಲ್ಲಿ ಎರಡೂವರೆ ತಿಂಗಳಿಗೆ ಗಂಡು ಹೆಣ್ಣು ತಿಳಿಯುತ್ತದೆ. ಒಳ್ಳೆಯ ತಾಯಿಯ, ಬೇಗ ಗರಿ ತುಂಬಿದ ನಾಲ್ಕೈದು ಹುಂಜಮರಿಗಳಿಗೆ ಆಗಲೇ ಬಳೆ ಹಾಕಬೇಕು. ಸಂಕ್ರಾಂತಿಯ ಸುಮಾರಿಗೆ ಕೂಗಲು ಕಲಿಯುತ್ತವೆ, ಆಗ ರಾತ್ರಿಯ ಪರೀಕ್ಷೆ ಮಾಡಿ ಮೂರಕ್ಕೆ ಇಳಿಸಬೇಕು. ಯುಗಾದಿಗೆ ಏಳು ತಿಂಗಳು. ಎರಡನ್ನು ಉಳಿಸಿಕೊಳ್ಳಬೇಕು, ಒಂದು ಸುತ್ತಿಗೆ ಕೊಡಲು, ಇನ್ನೊಂದು ಮೀಸಲು. ಯುಗಾದಿಯ ಮಾರನೆಯ ದಿನ ಹೊಸತೊಡಕು, ಅಷ್ಟರೊಳಗೆ ಕಾಲಿಗೆ ಬಳೆ ಬೀಳದ ಹುಂಜ ಯಾವುದಿದ್ದರೂ ಅಂದು ಮಧ್ಯಾಹ್ನದ ಹೊತ್ತಿಗೆ ಮುದ್ದೆಯ ಪಕ್ಕದಲ್ಲಿರುತ್ತದೆ.